ಬಲ ಇದ್ದರೆ ಸಾಲದು, ಸ್ಥಾನ ಬೇಕು: ವ್ಯಾಂಪೈರ್ ಆಟದ ದರ್ಬಾರಿಗೆ ಕಾಲಿಡುವ ಮುನ್ನ

ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಆಟಗಾರನೊಬ್ಬ ಮೊದಲ ದಿನವೇ ತನ್ನ ಪಾತ್ರವನ್ನು ಸೀದಾ ಊರಿನ ಒಡೆಯ ಪ್ರಿನ್ಸ್ ಮುಂದೆ ಕರೆದುಕೊಂಡು ಹೋದ. ಅಲ್ಲೊಂದು ಖಾಲಿ ಕುರ್ಚಿ ಇತ್ತು. "ನಾನು ಕೂತೆ, ಈಗ ಮಾತಾಡ್ತೀನಿ" ಅಂದ. ಆ ಕುರ್ಚಿ ಪ್ರಿಮೊಜೆನ್ ಒಬ್ಬರದ್ದು, ಅಂದರೆ ಸಭೆಯ ಹಿರಿಯರೊಬ್ಬರದ್ದು. ಸಭೆಯಲ್ಲಿ ಯಾರೂ ಬೈಯಲಿಲ್ಲ, ಯಾರೂ ಎಬ್ಬಿಸಲಿಲ್ಲ. ಹಾರ್ಪಿ ಎಂಬ ಪದವಿಯವಳು ಮಾತ್ರ ಸಣ್ಣಗೆ ನಕ್ಕಳು. ಅಲ್ಲಿಂದ ಮೂರು ಸೆಷನ್ ಆ ಪಾತ್ರಕ್ಕೆ ಊರಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ. ಅವನಿಗೆ ತುಂಬಾ ಬೇಜಾರಾಯಿತು. "ನನ್ನ ಪಾತ್ರಕ್ಕೆ ನಾಲ್ಕು ಚುಕ್ಕಿ ಬಲ ಇದೆಯಲ್ಲ, ಮತ್ಯಾಕೆ ಹೀಗೆ?" ಎಂದು ಕೇಳಿದ.

ತಪ್ಪು ಅವನದಲ್ಲ. ಆಟ ನಡೆಸುವವನು ನಾನು, ಮೊದಲೇ ಹೇಳಿಕೊಡಬೇಕಿತ್ತು. ಆವತ್ತು ಹೇಳದೆ ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವ ಆಟ 'ವ್ಯಾಂಪೈರ್: ದಿ ಮಾಸ್ಕರೇಡ್'. ಅಮೆರಿಕದ ವೈಟ್ ವುಲ್ಫ್ ಸಂಸ್ಥೆ 1991ರಲ್ಲಿ ಹೊರತಂದ ಆಟ ಇದು. ವಿನ್ಯಾಸ ಮಾರ್ಕ್ ರೈನ್-ಹಾಗನ್ ಅವರದ್ದು. 2018ರಲ್ಲಿ ಐದನೇ ಆವೃತ್ತಿ ಬಂತು. ರಕ್ತ ಕುಡಿದು ಬದುಕುವ ವ್ಯಾಂಪೈರ್‌ಗಳ ಪಾತ್ರ ವಹಿಸಿ, ಟೇಬಲ್ ಸುತ್ತ ಕೂತು, ಹತ್ತು ಮುಖದ ದಾಳ ಉರುಳಿಸುತ್ತಾ, ಮಾತಿನಲ್ಲೇ ಕಥೆ ಕಟ್ಟುತ್ತಾ ಆಡುವುದು. ನಡೆಸುವವರಿಗೆ ಸ್ಟೋರಿಟೆಲ್ಲರ್ ಎನ್ನುತ್ತಾರೆ. ಪ್ರತಿ ಪಾತ್ರಕ್ಕೂ ಒಂದು ಹಾಳೆ ಇರುತ್ತದೆ, ಅದರಲ್ಲಿ ಪಾತ್ರದ ಗುಣಗಳನ್ನು ಚುಕ್ಕಿಗಳಲ್ಲಿ ಗುರುತಿಸುತ್ತಾರೆ. ಆವೃತ್ತಿಯಿಂದ ಆವೃತ್ತಿಗೆ ನಿಯಮ ಬದಲಾಗಿದೆ, ಆದರೆ ದರ್ಬಾರಿನ ನಡೆ ಹೆಚ್ಚುಕಡಿಮೆ ಹಾಗೇ ಉಳಿದಿದೆ.

ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಇಲ್ಲಿ ಯಾರೂ ಮುದುಕರಾಗಿ ಸಾಯುವುದಿಲ್ಲ. ನಮ್ಮ ಲೋಕದಲ್ಲಿ ಮೇಲಿನವರು ನಿವೃತ್ತರಾಗುತ್ತಾರೆ, ಕುರ್ಚಿ ಖಾಲಿಯಾಗುತ್ತದೆ, ಕೆಳಗಿನವರು ಮೇಲೆ ಬರುತ್ತಾರೆ. ವ್ಯಾಂಪೈರ್ ಊರಲ್ಲಿ ಇನ್ನೂರು ವರ್ಷದ ಹಿಂದೆ ಕೂತವನು ಇವತ್ತೂ ಅಲ್ಲೇ ಕೂತಿದ್ದಾನೆ. ಯಾರು ಯಾವತ್ತು ಅವಮಾನ ಮಾಡಿದರು ಎನ್ನುವುದೂ ಅವನಿಗೆ ನೆನಪಿದೆ. ಹಾಗಾಗಿ ನಿಮ್ಮ ಸ್ಥಾನ ಇರುವುದು ನಿಮ್ಮ ಹಾಳೆಯಲ್ಲಿ ಅಲ್ಲ, ಬೇರೆಯವರ ನೆನಪಿನಲ್ಲಿ.

ಹೆಜ್ಜೆ 1: ಮೂರು ಏಣಿಗಳನ್ನು ಬೇರೆ ಬೇರೆ ನೋಡಿ

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಪೀಳಿಗೆ, ವಯಸ್ಸು, ಸ್ಟೇಟಸ್ ಮೂರೂ ಒಂದೇ ಅಂದುಕೊಳ್ಳುತ್ತಾರೆ.

ಪೀಳಿಗೆ ಅಂದರೆ ಮೊದಲ ವ್ಯಾಂಪೈರ್ ಕೇನ್‌ನಿಂದ ನೀವು ಎಷ್ಟು ದೂರ ಎನ್ನುವ ಲೆಕ್ಕ. ಕೇನ್ ಒಂದನೆಯವನು. ಮೂರನೇ ಪೀಳಿಗೆಯವರು ಕುಲಗಳ ಮೂಲಪುರುಷರು. ಸಂಖ್ಯೆ ಚಿಕ್ಕದಾದಷ್ಟೂ ರಕ್ತ ಗಟ್ಟಿ. ಹಳೆಯ ಆವೃತ್ತಿಗಳಲ್ಲಿ ಹೊಸ ಪಾತ್ರ ಸಾಮಾನ್ಯವಾಗಿ 13ನೇ ಪೀಳಿಗೆಯಿಂದ ಶುರುವಾಗುತ್ತದೆ. ಚುಕ್ಕಿ ಖರ್ಚು ಮಾಡಿ 8ರವರೆಗೆ ಇಳಿಸಿಕೊಳ್ಳಬಹುದು. 14, 15ನೆಯವರನ್ನು ತೆಳುರಕ್ತದವರು ಎಂದು ದರ್ಬಾರು ಹೊಸ್ತಿಲ ಹೊರಗೇ ನಿಲ್ಲಿಸುತ್ತದೆ.

ವಯಸ್ಸಿನ ಏಣಿ ಬೇರೆ. ಹೊಸದಾಗಿ ವ್ಯಾಂಪೈರ್ ಆದವರು, ಇನ್ನೂ ತಮ್ಮನ್ನು ಮಾಡಿದವರ ನೆರಳಿನಲ್ಲಿರುವವರು ಚೈಲ್ಡ್. ಮಾಡಿದವರು ಸೈರ್. ಸೈರ್ ಬಿಡುಗಡೆ ಮಾಡಿ, ಪ್ರಿನ್ಸ್ ಒಪ್ಪಿದ ಮೇಲೆ ನಿಯೋನೇಟ್. ಕೆಲವು ದಶಕ ಕಳೆದು, ನಾಲ್ಕು ಕೆಲಸ ಮಾಡಿ ತೋರಿಸಿದವರು ಆನ್ಸಿಲ್ಲಾ. ಶತಮಾನಗಳನ್ನು ಕಂಡವರು ಎಲ್ಡರ್.

ಸ್ಟೇಟಸ್ ಮೂರನೆಯದು. ಇದನ್ನು ಕೊಡುವುದು ಸಮಾಜ, ಕಿತ್ತುಕೊಳ್ಳುವುದೂ ಸಮಾಜ. ನಿಮ್ಮ ರಕ್ತ 8ನೇ ಪೀಳಿಗೆಯದ್ದಾಗಿದ್ದರೂ ನಿನ್ನೆ ಮೊನ್ನೆ ಊರಿಗೆ ಬಂದಿದ್ದರೆ ನಿಮ್ಮ ಸ್ಟೇಟಸ್ ಸೊನ್ನೆಯೇ. 12ನೆಯವಳೊಬ್ಬಳು ಐವತ್ತು ವರ್ಷ ಊರಿನ ಜಗಳಗಳನ್ನು ಬಗೆಹರಿಸುತ್ತಾ ಬಂದಿದ್ದರೆ ಅವಳು ಒಳಗೆ ಬಂದಾಗ ಮಾತು ನಿಲ್ಲುತ್ತದೆ.

ಹೆಜ್ಜೆ 2: ಊರು ಯಾರದ್ದು, ಅಲ್ಲಿ ಯಾರ್ಯಾರು ಇದ್ದಾರೆ ತಿಳಿದುಕೊಳ್ಳಿ

ಹೆಚ್ಚಿನ ಆಟಗಳು ನಡೆಯುವುದು ಕಮರಿಲ್ಲಾ ಎಂಬ ಪಂಗಡದ ಊರುಗಳಲ್ಲಿ. ಅಲ್ಲಿನ ಮುಖ್ಯಸ್ಥ ಪ್ರಿನ್ಸ್. ಹೆಂಗಸಾದರೂ ಪದವಿ ಪ್ರಿನ್ಸ್ ಅಂತಲೇ. ಒಂದೊಂದು ಕುಲದ ಪರವಾಗಿ ಕೂರುವ ಹಿರಿಯರು ಪ್ರಿಮೊಜೆನ್. ಪ್ರಿನ್ಸ್ ಬಲಗೈ ಸೆನೆಶಲ್. ಕಾನೂನು ಮುರಿದವರನ್ನು ಎಳೆದು ತರುವವನು ಶೆರಿಫ್. ಅನುಮತಿ ಇಲ್ಲದೆ ಹುಟ್ಟಿದವರನ್ನೂ ತೆಳುರಕ್ತದವರನ್ನೂ ಬೇಟೆಯಾಡುವವನು ಸ್ಕರ್ಜ್. ಈ ಪದವಿ ಎಲ್ಲ ಊರಲ್ಲೂ ಇರುವುದಿಲ್ಲ. ಸಭೆ ಸೇರುವ ಜಾಗ ಎಲಿಸಿಯಮ್, ಅದನ್ನು ನೋಡಿಕೊಳ್ಳುವವರು ಕೀಪರ್. ಎಲಿಸಿಯಮ್ಮಿನಲ್ಲಿ ಕೈ ಎತ್ತುವಂತಿಲ್ಲ, ರಕ್ತದ ಶಕ್ತಿ ಬಳಸುವಂತಿಲ್ಲ.

ಊರಿನ ಆಚೆಗೂ ಏಣಿ ಇದೆ. ಕುಲಕ್ಕೊಬ್ಬರಂತೆ ಇಡೀ ಕಮರಿಲ್ಲಾಕ್ಕೆ ನ್ಯಾಯ ಹೇಳುವ ಜಸ್ಟಿಕಾರ್‌ಗಳು, ಅವರ ಕೆಳಗೆ ಆರ್ಕನ್‌ಗಳು. ನಿಮ್ಮ ಆಟದಲ್ಲಿ ಜಸ್ಟಿಕಾರ್ ಕಾಣಿಸಿಕೊಂಡರೆ ಪ್ರಿನ್ಸ್ ಕೂಡ ಎದ್ದು ನಿಲ್ಲುತ್ತಾನೆ ಅಂತ ತಿಳಿಯಿರಿ.

ಹಾರ್ಪಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅವಳ ಹತ್ತಿರ ನಿಧಾನವಾಗಿ ಬರೋಣ.

ಆಟ ಶುರುವಾಗುವ ಮುಂಚೆ ಒಂದು ಹಾಳೆಯಲ್ಲಿ ಈ ಪದವಿಗಳನ್ನು ಬರೆದು, ಪಕ್ಕದಲ್ಲಿ ನಿಮ್ಮ ಊರಿನ ಪಾತ್ರಗಳ ಹೆಸರು ಹಾಕಿ. ಹೆಸರಿನ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಇವರು ನನ್ನಿಂದ ಏನು ಬಯಸಬಹುದು? ಉತ್ತರ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ನಿಮ್ಮ ಮೊದಲ ಕೆಲವು ಸೆಷನ್ನಿನ ಕೆಲಸ ಆ ಖಾಲಿ ಜಾಗ ತುಂಬುವುದು.

ಹೆಜ್ಜೆ 3: ಹಾಜರಿ ಹಾಕಿ

ಕಮರಿಲ್ಲಾದಲ್ಲಿ ಆರು ಕಟ್ಟಳೆಗಳಿವೆ. ಅವುಗಳಲ್ಲಿ ಐದನೆಯದು ಆತಿಥ್ಯದ್ದು. ಬೇರೆಯವರ ಊರಿಗೆ ಹೋದರೆ ಅಲ್ಲಿನ ಒಡೆಯರ ಮುಂದೆ ನಿಂತು ನೀವು ಯಾರೆಂದು ಹೇಳಲೇಬೇಕು. ಅವರು ಒಪ್ಪಿದರೆ ಊರಲ್ಲಿ ನಿಮಗೆ ಜಾಗ ಇದೆ. ಇಲ್ಲದಿದ್ದರೆ ನಿಮಗೆ ಏನಾದರೂ ಯಾರೂ ಕೇಳುವುದಿಲ್ಲ.

ಮೂರನೆಯ ಕಟ್ಟಳೆ ಇನ್ನೂ ಕಠಿಣ. ಅಪ್ಪಣೆ ಇಲ್ಲದೆ ಒಬ್ಬರನ್ನು ವ್ಯಾಂಪೈರ್ ಮಾಡಿದರೆ ಮಾಡಿದವರಿಗೂ ಸಾವು, ಆದವರಿಗೂ ಸಾವು. 2004ರ ಕಂಪ್ಯೂಟರ್ ಗೇಮ್ 'ಬ್ಲಡ್‌ಲೈನ್ಸ್' ಆಡಿದವರಿಗೆ ಇದು ಗೊತ್ತು. ಅದರ ಶುರುವಿನಲ್ಲೇ ಲಾಸ್ ಏಂಜಲೀಸಿನ ಪ್ರಿನ್ಸ್ ನಿಮ್ಮ ಸೈರ್ ತಲೆ ತೆಗೆಸುತ್ತಾನೆ. ನಿಮ್ಮನ್ನು ಉಳಿಸಿಕೊಂಡು ಕೆಲಸ ಕೊಡುತ್ತಾನೆ. ಆ ಕ್ಷಣದಿಂದ ನೀವು ಅವನ ಋಣದಲ್ಲಿದ್ದೀರಿ. ಸ್ಥಾನ ಅಂದರೇನು ಅಂತ ಮೊದಲ ಹತ್ತು ನಿಮಿಷದಲ್ಲೇ ಆ ಆಟ ತೋರಿಸಿಬಿಡುತ್ತದೆ.

ಟೇಬಲ್ ಆಟದಲ್ಲಿ ಹಾಜರಿ ಹೇಗಿರಬೇಕು? ನಾವು ಕನ್ನಡದಲ್ಲೇ ಆಡುತ್ತೇವೆ. ಒಂದು ಸಲ ನಡೆದದ್ದು ಹೀಗೆ. ಊರು ಷಿಕಾಗೋ. ಎಲಿಸಿಯಮ್ ಒಂದು ಹಳೆಯ ರಂಗಮಂದಿರ. ಹೊಸ ಆಟಗಾರ್ತಿಯ ಪಾತ್ರ ಟೊರಿಯಡಾರ್ ಕುಲದ ನಿಯೋನೇಟ್.

ಸೆನೆಶಲ್ ತಡೆದು ಕೇಳಿದ: "ಯಾರ ಪೈಕಿ ನೀನು?"

"ಟೊರಿಯಡಾರ್ ಕುಲದವಳು. ನನ್ನ ಸೈರ್ ಅಗೋ ಆ ಕಂಬದ ಪಕ್ಕ ನಿಂತಿದ್ದಾರೆ. ಅವರ ಹೆಸರಿನ ಮೇಲೆ ಬಂದಿದ್ದೇನೆ. ತಮ್ಮ ಊರಲ್ಲಿ ಇರೋಕೆ ಅಪ್ಪಣೆ ಬೇಕು."

ಪ್ರಿನ್ಸ್ ತಲೆ ಎತ್ತದೆ ಕೇಳಿದರು: "ಬೇಟೆ ಎಲ್ಲಿ ಆಡ್ತೀಯ?"

"ತಾವು ಎಲ್ಲಿ ಅಂತೀರೋ ಅಲ್ಲಿ."

ಅಷ್ಟೇ. ನಾಲ್ಕು ಮಾತು. ದಾಳ ಉರುಳಿಸಲೇ ಇಲ್ಲ. ಆದರೂ ಕೆಲಸ ಆಯಿತು. ಕುಲ ಹೇಳಿದಳು, ಸೈರ್ ತೋರಿಸಿದಳು, ಕೇಳಬೇಕಾದ್ದನ್ನು ಕೇಳಿದಳು, ಊರು ಅವರದ್ದು ಅಂತ ಒಪ್ಪಿಕೊಂಡಳು. ಜಾಸ್ತಿ ಮಾತಾಡದಿದ್ದದ್ದೇ ಒಳ್ಳೆಯದಾಯಿತು.

ಇಲ್ಲಿ ಕನ್ನಡ ಎಷ್ಟು ಕೆಲಸ ಮಾಡಿತು ನೋಡಿ. ಇಂಗ್ಲಿಷಿನಲ್ಲಿ ಆಡುವವರಿಗೆ 'ಯೂ' ಒಂದೇ. ನಮಗೆ ನೀನು, ನೀವು, ತಾವು ಮೂರೂ ಇವೆ. ಪ್ರಿನ್ಸ್ 'ನೀನು' ಅನ್ನುತ್ತಾರೆ, ನಿಯೋನೇಟ್ 'ತಾವು' ಅನ್ನುತ್ತಾಳೆ. ಯಾರ ಸ್ಥಾನ ಏನು ಅಂತ ಬೇರೆ ವಿವರಣೆಯೇ ಬೇಡ. ಒಂದು ದಿನ ಅದೇ ಪ್ರಿನ್ಸ್ ಬಾಯಲ್ಲಿ ಅವಳಿಗೆ 'ನೀವು' ಬಂದರೆ ಇಡೀ ಟೇಬಲ್ ಬೆಚ್ಚಿಬೀಳುತ್ತದೆ. ಪಾತ್ರಗಳ ಹಾಳೆಯಲ್ಲೇ ಯಾರಿಗೆ ಯಾವ ಪದ ಅಂತ ಬರೆದುಕೊಳ್ಳಿ. ಸ್ಟೋರಿಟೆಲ್ಲರ್ ಕೂಡ ತಪ್ಪದೆ ಪಾಲಿಸಬೇಕು.

ಒಂದು ಎಚ್ಚರಿಕೆ. ನಮ್ಮ ಹಳ್ಳಿಗಳಲ್ಲಿ ಒಡೆಯರನ್ನು ಕರೆಯುವ ಕೆಲವು ಮಾತುಗಳಿವೆ, 'ಬುದ್ಧಿ' ಅನ್ನುವ ಥರದ್ದು. ಕೇಳಲು ದರ್ಬಾರಿಗೆ ಹೊಂದುತ್ತವೆ ಅನ್ನಿಸಬಹುದು. ಆದರೆ ಆ ಮಾತುಗಳ ಹಿಂದೆ ನಿಜವಾದ ಜನ ಅನುಭವಿಸಿದ ಜಾತಿಯ ನೋವಿದೆ. ಟೇಬಲ್ಲಿನಲ್ಲಿ ಯಾರ ಮನೆಯ ಕಥೆ ಏನೋ ನಮಗೆ ಗೊತ್ತಿರುವುದಿಲ್ಲ. ಆಟ ಶುರು ಮಾಡುವ ಮುಂಚೆಯೇ ಎಲ್ಲರ ಜೊತೆ ಕೂತು ಇದನ್ನು ಮಾತಾಡಿ. ಒಬ್ಬರಿಗೆ ಬೇಡ ಅಂದರೂ ಬೇಡ.

ಹೆಜ್ಜೆ 4: ಚುಕ್ಕಿಗಳ ಲೆಕ್ಕ

ಹಾಳೆಯಲ್ಲಿ ಸ್ಟೇಟಸ್ ಒಂದು ಹಿನ್ನೆಲೆ ಗುಣ, ಒಂದರಿಂದ ಐದು ಚುಕ್ಕಿ. ಹಳೆಯ ಆವೃತ್ತಿಗಳ ಅಳತೆ ಸ್ಥೂಲವಾಗಿ ಹೀಗಿದೆ: ಒಂದು ಚುಕ್ಕಿ ಇದ್ದರೆ ಹೆಸರು ಗೊತ್ತಿರುವ ನಿಯೋನೇಟ್. ಎರಡು ಇದ್ದರೆ ಮರ್ಯಾದೆ ಸಿಗುವ ಆನ್ಸಿಲ್ಲಾ. ಮೂರು ಎಲ್ಡರ್ ಮಟ್ಟ. ನಾಲ್ಕು ಪ್ರಿಮೊಜೆನ್ ಮಟ್ಟ. ಐದು ಪ್ರಿನ್ಸ್ ಮಟ್ಟ. ಕುಲವೇ ಇಲ್ಲದ ಕೈಟಿಫ್‌ಗಳು ಶುರುವಿನಲ್ಲಿ ಇದನ್ನು ತೆಗೆದುಕೊಳ್ಳುವಂತೆಯೇ ಇಲ್ಲ.

ಆ ಆವೃತ್ತಿಗಳಲ್ಲಿ ಪಾತ್ರ ಮಾಡುವಾಗ ಹಿನ್ನೆಲೆಗೆ ಸಿಗುವುದು ಒಟ್ಟು ಐದು ಚುಕ್ಕಿ. ಅದರಲ್ಲೇ ಪೀಳಿಗೆ, ಹಣ, ಹಿಂಬಾಲಕರು ಎಲ್ಲ. ಒಂದು ಚುಕ್ಕಿ ಸ್ಟೇಟಸ್‌ಗೆ ಹಾಕಿ ಅಂತ ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ. ಸೊನ್ನೆಗೂ ಒಂದಕ್ಕೂ ಇರುವ ಅಂತರ ಒಂದಕ್ಕೂ ಎರಡಕ್ಕೂ ಇರುವುದಕ್ಕಿಂತ ದೊಡ್ಡದು. ಸೊನ್ನೆ ಇದ್ದವರು ಬಾಗಿಲಲ್ಲಿ ಕಾಯುತ್ತಾರೆ, ಒಂದು ಇದ್ದವರನ್ನು ಹೆಸರು ಹಿಡಿದು ಒಳಗೆ ಕರೆಯುತ್ತಾರೆ.

ದಾಳದಲ್ಲಿ ಇದು ಹೀಗೆ ಬರುತ್ತದೆ. ಸ್ಟೋರಿಟೆಲ್ಲರ್ ಕೇಳಿದಾಗ ನಿಮ್ಮ ಸಾಮಾಜಿಕ ಗುಣವೊಂದರ ಜೊತೆ ಸ್ಟೇಟಸ್ ಸೇರಿಸಿ ಉರುಳಿಸುತ್ತೀರಿ. ಆಕರ್ಷಣೆ ಮೂರು, ಸ್ಟೇಟಸ್ ಎರಡು ಇದ್ದರೆ ಐದು ದಾಳ. ಸಾಮಾನ್ಯ ಕಷ್ಟದ ಕೆಲಸಕ್ಕೆ 6 ಮತ್ತು ಅದಕ್ಕಿಂತ ಮೇಲೆ ಬಿದ್ದದ್ದೆಲ್ಲ ಗೆಲುವು. 1 ಬಿದ್ದರೆ ಒಂದು ಗೆಲುವು ಕಳೆಯುತ್ತದೆ. ಉದಾಹರಣೆಗೆ 2, 6, 9, 1, 7 ಬಿತ್ತು ಅಂದುಕೊಳ್ಳಿ. ಮೂರು ಗೆಲುವಿನಲ್ಲಿ ಒಂದು ಹೋಯಿತು, ಎರಡು ಉಳಿಯಿತು. ಕೀಪರ್ ನಿಮ್ಮ ಗೆಳೆಯನನ್ನೂ ಒಳಗೆ ಬಿಡಲು ಒಪ್ಪಿದರು.

ಆದರೆ ಈ ದಾಳ ನಿಮ್ಮನ್ನು ಗೊತ್ತಿರುವ ಸಮಾಜದಲ್ಲಿ ಮಾತ್ರ ಉರುಳುತ್ತದೆ. ಬೀದಿಯ ಮನುಷ್ಯರಿಗೆ ನಿಮ್ಮ ಸ್ಟೇಟಸ್ ಗೊತ್ತಿಲ್ಲ. ಶತ್ರು ಪಂಗಡದವರಿಗೆ ಗೊತ್ತಿದ್ದರೆ ಇನ್ನೂ ಅಪಾಯ.

ಹೆಜ್ಜೆ 5: ಋಣದ ಪುಸ್ತಕ ಇಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದುತ್ತೀರಿ ಅಂದರೆ ಇದನ್ನು ಓದಿ.

ವ್ಯಾಂಪೈರ್ ದರ್ಬಾರಿನಲ್ಲಿ ದುಡ್ಡಿಗೆ ಬೆಲೆ ಕಡಿಮೆ. ಎಲ್ಲರ ಹತ್ತಿರವೂ ಇದೆ. ಅಲ್ಲಿ ಓಡುವ ನಾಣ್ಯ ಉಪಕಾರ. ಆಟದಲ್ಲಿ ಅದಕ್ಕೆ ಬೂನ್ ಅನ್ನುತ್ತಾರೆ. ಬೂನ್‌ಗೆ ಗಾತ್ರ ಇದೆ. ಚಿಲ್ಲರೆ ಬೂನ್ ಅಂದರೆ ಯಾರಿಗೋ ನಿಮ್ಮನ್ನು ಪರಿಚಯ ಮಾಡಿಸಿಕೊಟ್ಟಿದ್ದು. ಸಣ್ಣ ಬೂನ್ ಅಂದರೆ ಒಂದು ಹಗಲು ತಮ್ಮ ಜಾಗದಲ್ಲಿ ಮಲಗಲು ಬಿಟ್ಟಿದ್ದು. ದೊಡ್ಡದು ಅಂದರೆ ತಾವೇ ಅಪಾಯಕ್ಕೆ ಬಿದ್ದು ನಿಮ್ಮನ್ನು ಕಾಪಾಡಿದ್ದು. ಕೊನೆಯದು ಪ್ರಾಣದ ಋಣ. ಅದನ್ನು ತೀರಿಸುವುದಕ್ಕೇ ಕೆಲವರಿಗೆ ನೂರು ವರ್ಷ ಹಿಡಿಯುತ್ತದೆ.

ನಮ್ಮವರಿಗೆ ಇದು ಹೊಸದಲ್ಲ. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಒಂದು ಟೇಬಲ್ ಹಾಕಿಕೊಂಡು, ಉದ್ದನೆಯ ಪುಸ್ತಕ ಇಟ್ಟುಕೊಂಡು ಮುಯ್ಯಿ ಬರೆಯುವ ಹಿರಿಯರನ್ನು ನೀವು ನೋಡಿರುತ್ತೀರಿ. ಹೆಸರು, ಊರು, ಮೊತ್ತ. ನಾಳೆ ಅವರ ಮನೆಯಲ್ಲಿ ಮದುವೆ ಬಂದಾಗ ಆ ಪುಸ್ತಕ ತೆಗೆಯುತ್ತಾರೆ. ಬರೆದದ್ದಕ್ಕಿಂತ ಕಡಿಮೆ ಹಾಕುವ ಹಾಗಿಲ್ಲ. ಹಾರ್ಪಿ ಅಂದರೆ ಆ ಪುಸ್ತಕ ಇಟ್ಟುಕೊಂಡವರು. ಊರಿನಲ್ಲಿ ಯಾರು ಯಾರಿಗೆ ಏನು ಬಾಕಿ ಅಂತ ಹಾರ್ಪಿಗೆ ಗೊತ್ತು. ಬಾಕಿ ಉಳಿಸಿಕೊಂಡವರ ಮರ್ಯಾದೆ ಒಂದು ಸಂಜೆಯಲ್ಲಿ ತೆಗೆಯುವುದೂ ಅವರ ಕೈಯಲ್ಲೇ ಇದೆ. ಅದಕ್ಕೇ ನಮ್ಮ ಆಟದಲ್ಲಿ ಅವಳು ಸಣ್ಣಗೆ ನಕ್ಕಿದ್ದಕ್ಕೆ ಅಷ್ಟು ತೂಕ.

ನೀವೂ ಒಂದು ಪುಸ್ತಕ ಇಡಿ. ನಿಜವಾದ ಪುಸ್ತಕ, ಕೈಯಲ್ಲಿ ಬರೆದದ್ದು. ಕೊಟ್ಟವರು, ತೆಗೆದುಕೊಂಡವರು, ಯಾಕೆ, ಎಷ್ಟು ದೊಡ್ಡದು, ಸಾಕ್ಷಿ ಯಾರು. ಸಾಕ್ಷಿಯ ಕಾಲಂ ಖಾಲಿ ಬಿಡಬೇಡಿ. ಸಾಕ್ಷಿ ಇಲ್ಲದ ಬೂನ್ ಎದುರಿನವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪುಸ್ತಕ ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಟೇಬಲ್ಲಿನಲ್ಲೇ ಕಣ್ಣಾರೆ ನೋಡಿದ್ದೇನೆ. ನೊಸ್ಫೆರಾಟು ಕುಲದ ಒಬ್ಬಳು, ಸ್ಟೇಟಸ್ ಸೊನ್ನೆ. ಚರಂಡಿಯ ಸುರಂಗದಲ್ಲಿ ಓಡಾಡುವಾಗ ಅವಳಿಗೆ ಒಂದು ಸುದ್ದಿ ಸಿಕ್ಕಿತು: ಶೆರಿಫ್‌ನ ಚೈಲ್ಡ್ ಬೇರೆಯವರ ಬೇಟೆಯ ಜಾಗದಲ್ಲಿ ರಕ್ತ ಕುಡಿದಿದ್ದಾನೆ. ಬೇರೆ ಆಟಗಾರರೆಲ್ಲ "ಸಭೆಯಲ್ಲಿ ಹೇಳು, ಶೆರಿಫ್ ಮುಖ ನೋಡೋಣ" ಅಂದರು. ಅವಳು ಒಪ್ಪಲಿಲ್ಲ. ಆ ರಾತ್ರಿ ಶೆರಿಫ್ ಮನೆಗೆ ಒಬ್ಬಳೇ ಹೋದಳು. "ಇದು ತಮಗೆ ಮೊದಲು ಗೊತ್ತಾಗಲಿ ಅಂತ ಬಂದೆ" ಅಂದಳು. ಏನೂ ಕೇಳಲಿಲ್ಲ. ಬಾಗಿಲವರೆಗೆ ಹೋದವಳನ್ನು ಶೆರಿಫ್ ತಾನೇ ಕರೆದು, "ನಿನಗೆ ಒಂದು ಬಾಕಿ ಇದೆ, ಹಾರ್ಪಿಗೆ ಹೇಳ್ತೀನಿ" ಅಂದ.

ಆ ಬಾಕಿಯನ್ನು ಅವಳು ಐದು ಸೆಷನ್ ಮುಟ್ಟಲಿಲ್ಲ. ಆಮೇಲೆ ವೆಂಟ್ರೂ ಕುಲದ ಪ್ರಿಮೊಜೆನ್‌ಗೆ ಶೆರಿಫ್‌ನಿಂದ ಒಂದು ಕೆಲಸ ಆಗಬೇಕಿತ್ತು, ಶೆರಿಫ್ ಕೈಗೆ ಸಿಗುತ್ತಿರಲಿಲ್ಲ. ಇವಳು ತನ್ನ ಬಾಕಿಯನ್ನು ಪ್ರಿಮೊಜೆನ್‌ಗೆ ವರ್ಗ ಮಾಡಿಕೊಟ್ಟಳು. ಬದಲಿಗೆ ಕೇಳಿದ್ದು ಒಂದೇ ವಾಕ್ಯ. ಮುಂದಿನ ಸಭೆಯಲ್ಲಿ ಪ್ರಿಮೊಜೆನ್ ಎದ್ದು ನಿಂತು, "ಈ ಹುಡುಗಿ ಮಾತು ಉಳಿಸಿಕೊಳ್ಳುವವಳು" ಅಂದರು. ನಾನು ಅವಳ ಹಾಳೆ ತೆಗೆದುಕೊಂಡು ಸ್ಟೇಟಸ್ ಮುಂದೆ ಒಂದು ಚುಕ್ಕಿ ತುಂಬಿಸಿದೆ. ಟೇಬಲ್ಲಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಒಂದು ಹೊಡೆದಾಟ ಇಲ್ಲ, ಒಂದು ತೊಟ್ಟು ರಕ್ತ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಹಿರಿಯರು ಪ್ರೀತಿಯಿಂದ ತಮ್ಮ ರಕ್ತ ಕುಡಿಯಲು ಕೊಟ್ಟರೆ ನಯವಾಗಿ ತಪ್ಪಿಸಿಕೊಳ್ಳಿ. ಬೇರೆ ಬೇರೆ ಮೂರು ರಾತ್ರಿ ಒಬ್ಬರದ್ದೇ ರಕ್ತ ಕುಡಿದರೆ ನೀವು ಅವರಿಗೆ ಕಟ್ಟುಬೀಳುತ್ತೀರಿ. ಆಮೇಲೆ ನಿಮಗೆ ಎಷ್ಟು ಸ್ಟೇಟಸ್ ಇದ್ದರೂ ಊರು ನಿಮ್ಮನ್ನು ನೋಡುವುದು ಅವರ ಆಳು ಅಂತ.

ಹೆಜ್ಜೆ 6: ಬೀಳುವ ದಾರಿಗಳನ್ನು ತಿಳಿದಿರಿ

ಏರುವುದಕ್ಕೆ ತಿಂಗಳುಗಳು ಬೇಕು, ಬೀಳುವುದಕ್ಕೆ ಒಂದು ರಾತ್ರಿ. ಬೂನ್ ತೀರಿಸದೆ ಕೈ ಎತ್ತಿದರೆ ಬೀಳುತ್ತೀರಿ. ಎಲಿಸಿಯಮ್ಮಿನಲ್ಲಿ ಕೈ ಮಾಡಿದರೆ ಬೀಳುತ್ತೀರಿ. ನಿಮ್ಮ ಚೈಲ್ಡ್ ತಪ್ಪು ಮಾಡಿದರೆ ಅದೂ ನಿಮ್ಮ ತಲೆಗೇ, ಏಕೆಂದರೆ ಬಿಡುಗಡೆ ಆಗುವವರೆಗೆ ಹೊಣೆ ಸೈರ್‌ನದ್ದು. ಮನುಷ್ಯರ ಕಣ್ಣಿಗೆ ನಮ್ಮ ಗುಟ್ಟು ಬಿದ್ದರೆ ಮೊದಲ ಕಟ್ಟಳೆಯೇ ಮುರಿದ ಹಾಗೆ. ಆಗ ಸ್ಟೇಟಸ್ ಬಿಡಿ, ತಲೆ ಉಳಿಸಿಕೊಳ್ಳುವ ಮಾತು.

ಬಿದ್ದರೆ ಎದುರು ವಾದ ಮಾಡಬೇಡಿ. ತಪ್ಪು ಒಪ್ಪಿಕೊಂಡು, ನೊಂದವರಿಗೆ ಬೂನ್ ಕೊಟ್ಟು, ಅದನ್ನು ಹಾರ್ಪಿ ಪುಸ್ತಕದಲ್ಲಿ ಬರೆಸಿ. ಕುರ್ಚಿಯ ಮೇಲೆ ಕೂತ ನಮ್ಮ ಆಟಗಾರ ಕೊನೆಗೆ ಮಾಡಿದ್ದೂ ಇದನ್ನೇ. ಆ ಪ್ರಿಮೊಜೆನ್ ಮುಂದೆ ಹೋಗಿ ಒಂದು ಸಣ್ಣ ಬೂನ್ ಬರೆಸಿಕೊಟ್ಟ. ಮುಂದಿನ ವಾರದಿಂದ ಬಾಗಿಲುಗಳು ತೆರೆದುಕೊಂಡವು.

ಹೆಜ್ಜೆ 7: ಬೇರೆ ಪಂಗಡದ ಊರಾದರೆ

ಅನಾರ್ಕರ ಊರಲ್ಲಿ ಪ್ರಿನ್ಸ್ ಇಲ್ಲ. ಹೆಚ್ಚಿನ ಕಡೆ ಬ್ಯಾರನ್ ಇರುತ್ತಾರೆ. ವಯಸ್ಸು ಹೇಳಿಕೊಂಡರೆ ಅಲ್ಲಿ ಯಾರೂ ತಲೆ ಬಾಗಿಸುವುದಿಲ್ಲ, ನಿಮ್ಮ ಜೊತೆ ಎಷ್ಟು ಜನ ನಿಲ್ಲುತ್ತಾರೆ ಅನ್ನುವುದೇ ಸ್ಥಾನ. ಸಬ್ಬಾಟ್ ಊರಲ್ಲಿ ಹೆಸರುಗಳು ಚರ್ಚಿನವು: ಬಿಷಪ್, ಆರ್ಚ್‌ಬಿಷಪ್, ಕಾರ್ಡಿನಲ್, ಎಲ್ಲರ ಮೇಲೆ ರೀಜೆಂಟ್. ಸಣ್ಣ ಗುಂಪಿನ ನಾಯಕ ಡಕ್ಟಸ್, ಅದರ ಪೂಜೆ ನೋಡಿಕೊಳ್ಳುವವರು ಪ್ರೀಸ್ಟ್. ಅಲ್ಲಿ ಜಗಳ ಕೈಮೀರಿದರೆ ದ್ವಂದ್ವಯುದ್ಧಕ್ಕೂ ಹೋಗುತ್ತದೆ. ಮೊದಲ ಆಟಕ್ಕೆ ಸಬ್ಬಾಟ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಮರಿಲ್ಲಾದ ನಯ ನಾಜೂಕು ಕಲಿತ ಮೇಲೆ ಅದನ್ನು ಮುರಿಯುವವರ ಕಥೆ ಆಡಿದರೆ ರುಚಿ ಜಾಸ್ತಿ.

ಹೆಜ್ಜೆ 8: ಆಟ ನಡೆಸುವವರಿಗೆ

ಸ್ಥಾನವನ್ನು ವಿವರಿಸಬೇಡಿ, ಕಾಣಿಸಿ. ಸಭೆಯಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರನ್ನು ಎಷ್ಟು ಹೊತ್ತು ಕಾಯಿಸಿದರು, ಯಾರ ಮಾತನ್ನು ಮಧ್ಯದಲ್ಲಿ ತಡೆದರು. ಪ್ರಿನ್ಸ್ ಬಾಯಲ್ಲಿ ಹೆಚ್ಚು ಮಾತು ಹಾಕಬೇಡಿ. ಕಡಿಮೆ ಮಾತಾಡುವ ಪ್ರಿನ್ಸ್‌ಗೆ ತೂಕ ಜಾಸ್ತಿ.

ಪ್ರತಿ ಸೆಷನ್ನಿನಲ್ಲಿ ಒಬ್ಬ ಆಟಗಾರರಿಗಾದರೂ ಒಂದು ಉಪಕಾರ ಮಾಡುವ ಅಥವಾ ಪಡೆಯುವ ಅವಕಾಶ ಇಡಿ. ಹಾರ್ಪಿ ಪುಸ್ತಕವನ್ನು ನೀವೂ ಬರೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಆಟಗಾರರ ಪುಸ್ತಕದ ಜೊತೆ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಅದೇ ಮುಂದಿನ ಕಥೆ.

ಪಾತ್ರದ ಸ್ಥಾನ ಪಾತ್ರಕ್ಕೆ ಮಾತ್ರ. ಪ್ರಿಮೊಜೆನ್ ಆಡುವವರು ಆಟದ ಆಚೆಗೂ ಹೊಸಬರನ್ನು ಗದರಿಸಲು ಶುರು ಮಾಡಿದರೆ ಆಟ ನಿಲ್ಲಿಸಿ, ಎಲ್ಲರಿಗೂ ಟೀ ಹಾಕಿಸಿ, ಅಲ್ಲೇ ಸರಿ ಮಾಡಿ. ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಸೆಷನ್ ಮುಗಿದ ಮೇಲೆ ಆವತ್ತು ಸಭೆಯಲ್ಲಿ ಬೈಸಿಕೊಂಡವರ ಮಾತು ಮೊದಲು ಕೇಳುತ್ತೇವೆ. "ಹೇಗಿತ್ತು? ಸರಿ ಇದ್ದೀಯಾ?" ಅಂತ. ಆಮೇಲೆ ದಾಳಗಳನ್ನು ಡಬ್ಬಿಗೆ ಹಾಕಿ, ಋಣದ ಪುಸ್ತಕದಲ್ಲಿ ಆ ದಿನದ ಸಾಲುಗಳನ್ನು ಗಟ್ಟಿಯಾಗಿ ಓದಿ, ಎಲ್ಲರೂ ಹೌದು ಅಂದ ಮೇಲೆ ಮುಚ್ಚುತ್ತೇವೆ.